ಕಾಲರ್ ಒಳಗಿನ ಟ್ಯಾಗು

ದಾವಣಗೆರೆಯ ತಿಪ್ಪೇರುದ್ರಪ್ಪನವರಿಗೆ ಒಂದು ಚಾಳಿ. ಆನ್‌ಲೈನ್‌ನಲ್ಲಿ ಬಟ್ಟೆ ತರಿಸುವುದು, ಟ್ಯಾಗ್ ಕೀಳದೆ ಒಳಗೆ ಮಡಚಿಕೊಂಡು ಒಂದು ಸಮಾರಂಭ ಮುಗಿಸುವುದು, ಮರುದಿನ ವಾಪಸ್ ಕಳಿಸುವುದು. ಅವರ ಮನೆಯಲ್ಲಿ ಬಾಡಿಗೆಗಿದ್ದ ಟೈಲರ್ ಚಂದ್ರಕಲಾ ಒಂದು ಕ್ಯಾಶ್‌ಬ್ಯಾಕ್ ವೆಬ್‌ಸೈಟಿನ ಸದಸ್ಯೆ; ಅದರ ಮೂಲಕ ಕೊಂಡರೆ ಬೆಲೆಯಲ್ಲಿ ಒಂದಿಷ್ಟು ಹಣ ಮರಳಿ ಬರುತ್ತದೆ. ತಮ್ಮ ಮಗಳ ನಿಶ್ಚಿತಾರ್ಥಕ್ಕೆ ಯಜಮಾನರು ತಮಗೊಂದು ರೇಷ್ಮೆ ಅಂಗಿಯನ್ನು ಅವಳ ಖಾತೆಯಿಂದಲೇ ತರಿಸಿದರು.

ನಿಶ್ಚಿತಾರ್ಥದ ದಿನ ಹುಡುಗಿಯ ರವಿಕೆ ಬಿಗಿ ಮಾಡಿಕೊಡಲು ಚಂದ್ರಕಲಾ ಕತ್ತರಿ ಹಿಡಿದು ಬಂದಳು. ಬೀಗರ ಎದುರು ದೊಡ್ಡಸ್ತಿಕೆ ತೋರಿಸಲು ಯಜಮಾನರಿಗೆ ಇದೇ ಸಮಯ ಸಿಕ್ಕಿತು.

“ಏನಮ್ಮ, ನನ್ನ ಅಂಗಿ ಕ್ಯಾಶ್‌ಬ್ಯಾಕ್ ನುಂಗಿಬಿಟ್ಯಾ? ಈಗಲೇ ಇಡು. ಇಲ್ಲಾಂದ್ರೆ ನಾಳೆನೇ ಮನೆ ಖಾಲಿ ಮಾಡು.”

ಬೀಗರು ತಿರುಗಿ ನೋಡಿದರು. ಚಂದ್ರಕಲಾ ತಲೆ ತಗ್ಗಿಸಲಿಲ್ಲ.

“ಅದು ಇನ್ನೂ ನನ್ನ ಕೈಗೇ ಬಂದಿಲ್ಲ ಯಜಮಾನ್ರೇ. ಅಂಗಡಿಯವರು ಸೈಟಿಗೆ ಕಮಿಷನ್ ಕೊಡಬೇಕು, ಅದರಲ್ಲಿ ಸೈಟಿನವರು ನಮಗೆ ಪಾಲು ಹಾಕ್ತಾರೆ. ಮಾಲು ವಾಪಸ್ ಬರಲ್ಲ ಅಂತ ಗ್ಯಾರಂಟಿ ಆಗೋ ತನಕ ಯಾರೂ ಗಂಟು ಬಿಚ್ಚಲ್ಲ.”

“ಅದೆಲ್ಲ ನನಗೆ ಬೇಡ. ದುಡ್ಡು ಇಡು.”

“ಆಯ್ತು, ನನ್ನ ಕೈಯಿಂದಲೇ ಕೊಡ್ತೀನಿ. ಆದ್ರೆ ಆ ಗ್ಯಾರಂಟಿ ನನಗೂ ಬೇಕಲ್ಲ. ಸ್ವಲ್ಪ ಬಗ್ಗಿ, ಕಾಲರ್ ಒಳಗಿರೋ ಟ್ಯಾಗ್ ಕತ್ತರಿಸಿಬಿಡ್ತೀನಿ.”

ಅವರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. “ಬೇಡ ಬೇಡ. ಕ್ಯಾಶ್‌ಬ್ಯಾಕ್ ಬಂದಾಗ ಬರಲಿ. ಮನೆ ನಿನ್ನದೇ ಅಂದ್ಕೋ.”

ಬೀಗರು ಮೀಸೆಯಡಿಯಲ್ಲೇ ನಕ್ಕರು. ಚಂದ್ರಕಲಾ ಕತ್ತರಿಯನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಒಳಗಿನಿಂದ ಯಜಮಾನರ ಹೆಂಡತಿ ಕೂಗಿದರು.

“ಚಂದ್ರಕಲಾ, ಕತ್ತರಿ ತಂದಿದ್ರೆ ಇಲ್ಲೂ ಸ್ವಲ್ಪ ಬಾಮ್ಮ. ಈ ಸೀರೆ ಟ್ಯಾಗು ಬೆಳಿಗ್ಗೆಯಿಂದ ಸೊಂಟಕ್ಕೆ ಚುಚ್ತಾ ಇದೆ.”