ಸೋದರತ್ತೆಯ ಬೆನ್ನು

ತಲೆಮಾರುಗಳಿಂದ ನಮ್ಮ ನಾಡಗೌಡರ ಮನೆತನಕ್ಕೆ ಊರಿನಲ್ಲಿ ಯಾರೂ ಎದುರಾಡಿಲ್ಲ. ನಾನಂತೂ ಕಾನ್ವೆಂಟಿನಲ್ಲಿ ಓದಿದವಳು. ಆದ್ದರಿಂದ ತಮ್ಮನ ಮಗಳಿಗೆ ಅಲ್ಲಿ ನನಗೆ ಕಲಿಸಿದ ಸಿಸ್ಟರ್ ಬರ್ನಡೆಟ್ ಅವರ ಹೆಸರೇ ಆಗಬೇಕೆಂದು ಅಪ್ಪಣೆ ಮಾಡಿದೆ. ತೀರಿಹೋದ ತನ್ನ ತಾಯಿ ನೀಲಮ್ಮನ ಹೆಸರಿಡಬೇಕೆಂದಿದ್ದ ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು.

ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ನಮ್ಮ ಕಡೆಯ ಪದ್ಧತಿ. ಕೂಸಿಗೆ ನೀರೆರೆಯುವ ಫಕೀರವ್ವ ಅದಕ್ಕೊಂದು ಬಾಲ ಸೇರಿಸಿದಳು.

“ಅಕ್ಕಾರ, ಕೂಸು ಅಳೂದು ನಿಲ್ಲಿಸೂತನಕ ಗುದ್ದಬೇಕ್ರಿ. ಸುಮ್ಮನಾತಂದ್ರ ಹೆಸರು ಒಪ್ಪಿತಂತ ತಿಳೀಬೇಕು.”

“ಬರ್ನಡೆಟ್,” ಎಂದೆ. ಹಸಿದ ಕೂಸು ಕಿರುಚಿತು. ಗುದ್ದು ಬಿತ್ತು. ಮತ್ತೆ ಎಂದೆ. ಮತ್ತೆ ಬಿತ್ತು. ನಮ್ಮ ಮನೆತನದ ಬೆನ್ನು ಅಗಲ. ಒಂದು ಗುದ್ದೂ ಗುರಿ ತಪ್ಪಲಿಲ್ಲ.

“ನೀಲಮ್ಮ ಅಂದು ನೋಡ್ರಿ,” ಎಂದಳು ಫಕೀರವ್ವ.

“ನೀಲಮ್ಮಾ!” ಎಂದು ಕೂಗಿಯೇಬಿಟ್ಟೆ. ಫಕೀರವ್ವ ತಟ್ಟನೆ ಕೂಸನ್ನು ತಾಯಿಯ ಎದೆಗೆ ಕೊಟ್ಟಳು. ಕೂಸು ಗಪ್ಪಾಯಿತು.

“ನೋಡ್ರಿ, ಒಪ್ಪಿತು!”

ಹೆಸರಿನ ಬಗ್ಗೆ ಈಗ ನನ್ನ ತಕರಾರಿಲ್ಲ. ಹಾಗೆ ಕರೆದರೆ ಕೂಸು ನಗುತ್ತದೆ. ಆದರೆ ಅದು ಸುಮ್ಮನಾದ ಮೇಲೂ ಯಾರೋ ಇಬ್ಬರು ಗುದ್ದಿದ್ದಾರೆ. ಅವರು ನನ್ನ ಕ್ಷಮೆ ಕೇಳಬೇಕು.