ಮೇಲ್ಬಾಗಿಲ ಗೂಡು

ಕೆರೆಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗ ಹಕ್ಕಿ ಗೂಡು ನೇಯುವ ಕಾರ್ಖಾನೆ ಇಟ್ಟಿತ್ತು. ಕೆಳಗಿನ ಕೊಂಬೆಯಲ್ಲಿ ಕೂತು ನಾರು ಸೀಳುವ ಕೆಲಸ ಸಿಂಪಿಗ ಹಕ್ಕಿಯದು.

ಒಂದು ದಿನ ರೆಕ್ಕೆ ಮುರಿದ ಗುಬ್ಬಿಯೊಂದು ಮರದ ಬುಡದಿಂದಲೇ ಕೂಗಿತು: "ಅಣ್ಣ, ಮೂರು ದಿನದಲ್ಲಿ ಮೊಟ್ಟೆಯಿಡಬೇಕು. ಹಾರಿ ಒಳಗೇರಲು ಆಗದು. ತಗ್ಗು ಕೊಂಬೆಯಲ್ಲಿ, ಮೇಲ್ಬಾಗಿಲ ಗೂಡೊಂದು ಕಟ್ಟಿಕೊಡುವೆಯಾ?"

"ನಮ್ಮಲ್ಲಿ ಬಾಗಿಲು ಕೆಳಗೇ, ತಾಯಿ. ಅಜ್ಜನ ಕಾಲದಿಂದಲೂ ಅಷ್ಟೇ," ಎಂದಿತು ಗೀಜಗ.

ಗುಬ್ಬಿ ಕುಪ್ಪಳಿಸುತ್ತ ಹಿಂತಿರುಗಿತು. ಸಿಂಪಿಗ ಅಂದೇ ಕೆಲಸ ಬಿಟ್ಟಿತು.

"ಕೊಟ್ಟ ಕಾಳು ಕಡಿಮೆಯಾಯಿತೇ? ಗದರಿದೆನೇ?" ಎಂದು ಕೇಳಿತು ಗೀಜಗ.

"ಎರಡೂ ಇಲ್ಲ, ಯಜಮಾನರೇ. ನೀವು ಆಗದು ಎಂದು ಕಳಿಸಿದವರು ಹೋಗುವುದು ನನ್ನ ಕೊಂಬೆಯ ಮುಂದೆಯೇ. ಅವರಿಗೆ ನಾನೇ ಗೂಡು ಕಟ್ಟಿಕೊಡುತ್ತೇನೆ."

"ಒಂದು ಗುಬ್ಬಿಗಾಗಿ ಹೊಸ ಅಂಗಡಿಯೇ? ಗಿರಾಕಿಗಾಗಿ ಕೊಕ್ಕು ತೆರೆದು ಕೂತಿರು, ಹೋಗು!"

ಸಿಂಪಿಗ ಗುಬ್ಬಿಯನ್ನು ಕರೆತಂದು, ಬದನೆ ಗಿಡದ ಎರಡು ಎಲೆಗಳನ್ನು ಹತ್ತಿಯ ಎಳೆಯಿಂದ ಹೊಲಿಯತೊಡಗಿತು. ಮೂರನೆಯ ದಿನ ಮುಗಿಸಿ ನೋಡಿದರೆ, ವರ್ಷಗಟ್ಟಲೆ ಕಂಡ ರೂಢಿಯಿಂದ ಬಾಗಿಲು ಕೆಳಗೇ ಇತ್ತು.

"ಇರಲಿ ಬಿಡಕ್ಕಾ, ಬೇರೆ ಕಡೆ ನೋಡುತ್ತೇನೆ," ಎಂದಿತು ಗುಬ್ಬಿ. ಜಾಲಿಮರದ ಬುಡದಿಂದ ಹೊರಟಾಗಲೂ ಅದು ಹೀಗೆಯೇ ತಲೆ ತಗ್ಗಿಸಿತ್ತು.

"ನಿಲ್ಲು, ತಂಗಿ," ಎಂದು ಸಿಂಪಿಗ ಒಂದೊಂದೇ ಹೊಲಿಗೆ ಬಿಚ್ಚಿತು. ಸಂಜೆಯ ಹೊತ್ತಿಗೆ ಬಾಗಿಲು ಮೇಲಕ್ಕೆ ಬಂತು. ಗುಬ್ಬಿ ರೆಂಬೆಯಿಂದ ರೆಂಬೆಗೆ ಕುಪ್ಪಳಿಸಿ ಒಳಗಿಳಿದು ಕೂತಿತು. ಬಾಲ ಮಾತ್ರ ಹೊರಗುಳಿಯಿತು.

"ಸಾಕಕ್ಕಾ, ಇಷ್ಟೇ ಹೆಚ್ಚು," ಎಂದಿತು.

"ಬಾಲವೂ ನಿನ್ನದೇ ಅಲ್ಲವೇ?" ಎಂದ ಸಿಂಪಿಗ ಮೂರನೆಯ ಎಲೆಯನ್ನು ಹತ್ತಿರ ಎಳೆದುಕೊಂಡಿತು.