ತುಳಿಯದಮ್ಮನ ದಿಬ್ಬ

ಮಣೂರಿನ ಹೊಳೆದಂಡೆಯಲ್ಲಿ, ಕಬ್ಬಿನ ಗದ್ದೆ ಮುಗಿದು ಜಾಲಿ ಮರಗಳು ಶುರುವಾಗುವ ಕಡೆ ಒಂದು ದಿಬ್ಬವಿದೆ. ದೂರದಿಂದ ನೋಡಿದರೆ ಮೇದು ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ಅಗೆಯುವವರು ಬಂದು, ಬುಟ್ಟಿ ಬುಟ್ಟಿ ಮಣ್ಣು ತೆಗೆದು, ಒಳಗಿದ್ದ ಹಳೆಯ ಮನೆಯನ್ನು ಬೆಳಕಿಗೆ ತಂದ ಮೇಲೆ ಅದಕ್ಕೊಂದು ತಗಡಿನ ಚಪ್ಪರ ಬಂದಿದೆ, ಕಾವಲಿಗೆ ಈರಣ್ಣ ಬಂದಿದ್ದಾನೆ. ಶಾಲೆಯ ಮಕ್ಕಳು ವ್ಯಾನಿನಿಂದ ಅವರೆಕಾಳು ಚೆಲ್ಲಿದ ಹಾಗೆ ಇಳಿಯುತ್ತಾರೆ. ಮೊಣಕಾಲೆತ್ತರ ಉಳಿದ ಇಟ್ಟಿಗೆ ಗೋಡೆ ನೋಡಿ, "ಇದರಲ್ಲಿದ್ದೋರು ಇಷ್ಟು ಕುಳ್ಳರಾ?" ಎಂದು ಕೇಳುತ್ತಾರೆ. ಸ್ನಾನದ ತೊಟ್ಟಿ ಕಂಡರಂತೂ ಇಳಿದೇ ಬಿಡುತ್ತಾರೆ. "ಹತ್ರೋ ಮೇಲಕ್ಕೆ! ಅದರಲ್ಲಿ ನೀರು ಬತ್ತಿ ನಿಮ್ಮ ತಾತನ ತಾತನ ಕಾಲ ಆಯ್ತು" ಎಂದು ಈರಣ್ಣ ಗದರಿಸುತ್ತಾನೆ. ಹೊರಗಿನ ಫಲಕದಲ್ಲಿ 'ಯವನ ವರ್ತಕನ ಮನೆ' ಎಂದು ಬರೆದಿದ್ದಾರಂತೆ. ಊರವರ ಬಾಯಲ್ಲಿ ಮಾತ್ರ ಅದು ಅಗೆಯುವ ಮೊದಲೂ ತುಳಿಯದಮ್ಮನ ದಿಬ್ಬ, ಅಗೆದ ಮೇಲೂ ತುಳಿಯದಮ್ಮನ ದಿಬ್ಬ. ಆ ಹೆಸರು ಹೇಗೆ ಬಂತೆಂದು ಮಕ್ಕಳು ಕೇಳಿದರೆ ಊರಿನ ಹಿರಿಯ ಹೆಂಗಸರು ಸೆರಗು ಹಾಸಿ ಕೂತು ಹೇಳುವ ಕಥೆ ಇದು.

ಹಿಂದೆ ಒಮ್ಮೆ, ಈ ಹೊಳೆಯಲ್ಲಿ ಬೇಸಿಗೆಯಲ್ಲೂ ದೋಣಿ ಓಡುತ್ತಿದ್ದ ಕಾಲದಲ್ಲಿ, ಇಲ್ಲಿ ಮಣಿಗಾರರ ಕೇರಿ ಇತ್ತು ಎನ್ನುತ್ತಾರೆ. ಕೆಂಪು ಕಲ್ಲನ್ನು ಸುಟ್ಟು, ಉಜ್ಜಿ, ತೂತು ಕೊರೆದು ಮಣಿ ಮಾಡುವ ಜನ. ಆ ಮಣಿಯನ್ನು ಹುಡುಕಿಕೊಂಡು ಕಡಲಾಚೆಯಿಂದ ಒಬ್ಬ ಯವನ ಬಂದ. ಅವನ ಹೆಸರು ಯಾರ ನಾಲಗೆಗೂ ಒಗ್ಗಲಿಲ್ಲ, ಯವನಸೆಟ್ಟಿ ಎಂದೇ ಕರೆದರು. ಮಣಿ ಕೊಳ್ಳಲು ಬಂದವನು ಮಣಿಗಾರರ ಮಗಳು ಸಾತವ್ವೆಯ ಕೈಹಿಡಿದು ಇಲ್ಲೇ ನೆಲೆ ನಿಂತ. ಅವಳು ಬಸುರಿಯಾಗಿ ತವರು ಸೇರಿದಾಗ ಅವನು ಹೊಳೆಯ ಕಡೆ ಮುಖ ಮಾಡಿ ಒಂದು ದೊಡ್ಡ ಮನೆ ಕಟ್ಟತೊಡಗಿದ. ಅರ್ಧ ಕಟ್ಟಿದ ಮನೆಗೆ ಬಸುರಿ ಬಾಣಂತಿಯರು ಕಾಲಿಡಬಾರದೆಂದು ಹಿರಿಯರು ತಡೆದಿದ್ದರಿಂದ ಸಾತವ್ವೆ ಅದನ್ನು ನೋಡಲೇ ಇಲ್ಲ. ಒಳಗೆ ಯವನಸೆಟ್ಟಿ ಕೇರಿಯವರು ಎಸೆದ ಒಡಕು ಮಣಿ, ಬಣ್ಣದ ಕಲ್ಲುಚೂರುಗಳನ್ನು ಆಯ್ದು ತಂದು, ನಡುಮನೆಯ ನೆಲದಲ್ಲಿ ಒಂದೊಂದಾಗಿ ಕೂರಿಸಿ, ತನ್ನ ನಾಡಿನ ಕಡಲತಾಯಿಯ ಚಿತ್ರ ಮಾಡಿದ. ಅಗಲ ಮುಖ, ಅಲೆಯಂಥ ಕೂದಲು, ಸುತ್ತಲೂ ಮೀನು. ಬಿರುಗಾಳಿಯಲ್ಲಿ ಹಡಗು ಹೊಯ್ದಾಡಿದಾಗ ಅವನು ಕೂಗಿ ಕರೆದದ್ದು ಅವಳನ್ನೇ. ಬಂದ ನೆಂಟರ ಪಾದ ಮೊದಲು ತಾಗುವಲ್ಲಿ ಮನೆಯ ಚೆಲುವೆಲ್ಲ ಇರಬೇಕು ಎನ್ನುವುದು ಅವನ ನಾಡಿನ ಪದ್ಧತಿ. ಅವಳ ಕಣ್ಣ ಕಾವಲಿರಲಿ ಎಂದು, ತೊಟ್ಟಿಲನ್ನೂ ಅವಳ ಮುಖದ ನೇರಕ್ಕೆ ನಡುತೊಲೆಯಿಂದ ಇಳಿಬಿಟ್ಟ.

ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ಕೇರಿಯ ಹೆಂಗಸರೆಲ್ಲ ಗುಗ್ಗರಿಯ ಬುಟ್ಟಿ ಹೊತ್ತು, ಸಾತವ್ವೆಯನ್ನು ಮುಂದಿಟ್ಟುಕೊಂಡು ಹೊಸಮನೆಗೆ ಬಂದರು. ಯವನಸೆಟ್ಟಿ ಹೊಸ್ತಿಲಲ್ಲೇ ಕೂಸನ್ನು ಎತ್ತಿಕೊಂಡು, ಸಂತೋಷದ ಭರದಲ್ಲಿ ದಡದಡ ನಡೆದು ಹೋಗಿ ತೊಟ್ಟಿಲಿಗೆ ಹಾಕಿದ. ಹಿಂದೆ ಬರುತ್ತಿದ್ದ ಹೆಂಗಸರು ನೆಲ ನೋಡಿ ಗಕ್ಕನೆ ನಿಂತರು.

"ಅಯ್ಯಯ್ಯೋ! ಅಮ್ಮನ ಮುಖದ ಮೇಲೇ ಕಾಲಿಟ್ಟನಲ್ಲೇ!" ಎಂದು ಸಾತವ್ವೆಯ ದೊಡ್ಡಮ್ಮ ಬೊಮ್ಮವ್ವೆ ಚೀರಿದಳು.

ಯವನಸೆಟ್ಟಿ ಬೆದರಿ, ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ. "ತುಳಿಯಲೆಂದೇ ಮಾಡಿದ್ದು, ಬನ್ನಿ" ಎಂದು ತೊದಲಿದ. ಅದನ್ನು ಕೇಳಿ ಹೆಂಗಸರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಕೆಲವರು ಬುಟ್ಟಿಯನ್ನು ಮತ್ತೆ ತಲೆಗೇರಿಸಿದರು. ಸಾತವ್ವೆ ಅವರ ಕಡೆ ತಿರುಗಿದಳು. ಕೇರಿಯ ಹೆಂಗಸರು ಕಿವಿಯಲ್ಲಿ ಹೆಸರು ಹೇಳದ ಕೂಸು ಕೇರಿಯ ಕೂಸಲ್ಲ. ನಾಳೆ ಅದನ್ನು ಹೆಣ್ಣು ಕೇಳಿಕೊಂಡು ಬರುವವರಿಲ್ಲ, ಕಷ್ಟಕ್ಕೆ ಬಾಗಿಲು ತೆರೆಯುವವರಿಲ್ಲ. ಈಗ ಇವರು ಹೊರಟರೆ ತನ್ನ ಮಗಳು ಎರಡು ನಾಡಿಗೂ ಹೊರಗಿನವಳಾಗುತ್ತಾಳೆ. ಗಂಡನ ಮುಖ ನೋಡಿದಳು. ಕಡಲನ್ನೇ ದಾಟಿ ಬಂದವನು ತನ್ನ ಮನೆಯ ನೆಲದ ಮೇಲೆ ದಾರಿ ತಪ್ಪಿದವನಂತೆ ನಿಂತಿದ್ದ. ಅವನು ಕೆಟ್ಟದ್ದೆಣಿಸಿ ಮಾಡಿದವನಲ್ಲ. ಬಾಗಿಲಲ್ಲಿ ನಿಂತವರದೂ ತಪ್ಪಲ್ಲ, ದೇವರನ್ನು ತುಳಿ ಎಂದರೆ ಯಾರು ತುಳಿದಾರು? ತೊಟ್ಟಿಲಲ್ಲಿ ಕೂಸು ಅಳತೊಡಗಿತು. ಹೋಗಿ ಎತ್ತಿಕೊಳ್ಳಲು ಸಾತವ್ವೆಗೂ ಕಾಲು ಬರಲಿಲ್ಲ.

ಬಾಗಿಲ ಪಕ್ಕದಲ್ಲಿ ದೋಣಿಗೆ ಹೇರಲು ಸುತ್ತಿಟ್ಟಿದ್ದ ಹತ್ತಿಬಟ್ಟೆಯ ಥಾನು ಇತ್ತು. ಸಾತವ್ವೆ ಅದರ ತುದಿಯನ್ನು ಗಂಡನ ಕಡೆ ಎಸೆದು, "ತೊಟ್ಟಿಲಿಗೆ ಕಟ್ಟು" ಎಂದಳು. ಅವನು ಕಟ್ಟಿದ. "ಇನ್ನು ಬಾ ಈಚೆ" ಎಂದಳು.

"ಹೇಗೆ ಬರಲಿ?" ಎಂದ ಯವನಸೆಟ್ಟಿ, ಅಳು ಬರುವ ದನಿಯಲ್ಲಿ.

"ಮೀನಿನ ಮೇಲೆ ಕಾಲಿಟ್ಕೊಂಡು ಬನ್ನಿ ಅಳಿಯಂದಿರೇ, ಮೀನನ್ನ ನಾವು ತಿಂತೀವಿ, ತುಳಿದರೇನು!" ಎಂದಳು ಬೊಮ್ಮವ್ವೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವನು ಮೀನಿಂದ ಮೀನಿಗೆ ಹಾರುತ್ತಾ ದಡ ಸೇರಿದ. ನಗು ಕೇಳಿದ ಮೇಲೆ ಸಾತವ್ವೆಗೆ ಧೈರ್ಯ ಬಂತು. "ತುಳಿಯೋದು ಬೇಡ ದೊಡ್ಡಮ್ಮ. ಗೋಡೆಯ ಪಕ್ಕ ಚಿತ್ರ ಇಲ್ಲ, ಅಲ್ಲಿ ನಿಲ್ಲಿ. ತೊಟ್ಟಿಲೇ ನಿಮ್ಮ ಹತ್ರ ಬರ್ತದೆ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬುಟ್ಟಿ ಇಳಿಸಿ, ಗೋಡೆಗೆ ಬೆನ್ನು ತಾಗಿಸಿಕೊಂಡು ಓರೆಯಾಗಿ ನಡೆದು ಸುತ್ತ ನಿಂತರು.

ಬೊಮ್ಮವ್ವೆ ಇನ್ನೂ ಬಿಡಲಿಲ್ಲ. "ಮೊದಲ ಹೆಸರು ಸೋದರತ್ತೆ ಹೇಳ್ಬೇಕು ಕಣೇ. ಇವನ ಅಕ್ಕತಂಗಿ ಕಡಲಾಚೆ ಇದ್ದಾರೆ. ಅಲ್ಲಿಂದ ಕೂಗ್ತಾರಾ?"

ಸಾತವ್ವೆ ನೆಲದ ಮೇಲಿನ ತಾಯಿಯನ್ನು ನೋಡಿದಳು. "ಅವನ ಕಡೆಯವಳು ಅಂತ ಇಲ್ಲಿರೋದು ಇವಳೊಬ್ಬಳೇ. ಇವಳೇ ಹೇಳಲಿ" ಎಂದು ಬಟ್ಟೆಯನ್ನು ಜಗ್ಗಿ ಬಿಟ್ಟಳು. ತೊಟ್ಟಿಲು ಮೆಲ್ಲಗೆ ಇಳಿದು, ಆ ಅಗಲ ಮುಖದ ಮೇಲೆ ಹಾದುಹೋಯಿತು. ಅತ್ತೂ ಅತ್ತೂ ಕೆಂಪಾಗಿದ್ದ ಕೂಸು ಅಲ್ಲಿ ಸುಮ್ಮನಾಯಿತು. ಆ ತಾಯಿ ಏನು ಹೇಳಿದಳೋ, ಕೇಳಿಸಿದ್ದು ಕೂಸೊಂದಕ್ಕೇ. "ಈ ಕಡಲತಾಯಿಯ ಹೆಸರೇ ಇರಲಿ" ಎಂದಳು ಸಾತವ್ವೆ. ಆಮೇಲೆ ತೊಟ್ಟಿಲು ಈ ಗೋಡೆಗೆ ಬಂದಾಗ ಈ ಕಡೆಯವರು, ಆ ಗೋಡೆಗೆ ಹೋದಾಗ ಆ ಕಡೆಯವರು ಬಗ್ಗಿ, ಕಿವಿಯಲ್ಲಿ ಕಡಲವ್ವೆ, ಕಡಲವ್ವೆ ಎಂದರು. ಹಾಡಾಯಿತು, ಗುಗ್ಗರಿಯಾಯಿತು. ಯವನಸೆಟ್ಟಿ ಅಂದಿನಿಂದ ತಾನೂ ಗೋಡೆಯ ಪಕ್ಕದಲ್ಲೇ ನಡೆದ. ಕಡಲವ್ವೆಯ ಮಕ್ಕಳೂ ಮೊಮ್ಮಕ್ಕಳೂ ಹಾಗೇ ನಡೆದರು. ಹೊಳೆಯ ಹೂಳು ತುಂಬಿ ಮನೆಯನ್ನು ಮುಚ್ಚಿದ ಮೇಲೂ ಎಮ್ಮೆ ಮೇಯಿಸುವವರು ದಿಬ್ಬದ ನೆತ್ತಿಯನ್ನು ಹತ್ತದೆ ಸುತ್ತಿಕೊಂಡೇ ಹೋಗುತ್ತಿದ್ದರು. ತುಳಿಯದಮ್ಮ ಎಂಬ ಹೆಸರು ಹೀಗೆ ನಿಂತಿತು ಎನ್ನುತ್ತಾರೆ.

ಈಗ ಹೋದವರಿಗೂ ಅದು ಕಾಣುತ್ತದೆ. ಗೋಡೆಯ ಬದಿಯ ನೆಲ ಕಾಲುದಾರಿಯ ಹಾಗೆ ಸವೆದು ತಗ್ಗಾಗಿದೆ. ನಡುವಿನ ತಾಯಿಯ ಮುಖದಲ್ಲಿ ಒಂದು ಕಲ್ಲೂ ಅಲುಗಿಲ್ಲ, ಈಗ ತಾನೇ ಕೂರಿಸಿದಂತಿದೆ. ಕಂಕುಳ ಕೂಸಿನೊಂದಿಗೆ ಬಂದ ತಾಯಂದಿರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಆ ಮುಖದ ಕಡೆಗೆ ತುಸು ಚಾಚಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಅಲ್ಲಿಯವರೆಗೆ ಚಪ್ಪರ ಹಾರಿಹೋಗುವಂತೆ ಗದ್ದಲ ಮಾಡುತ್ತಿದ್ದ ಶಾಲೆಯ ಮಕ್ಕಳೂ ಆಗ ಬಾಯಿ ಮುಚ್ಚಿ ಕಿವಿಗೊಡುತ್ತಾರೆ.